ಸಿದ್ದಾರೂಢ ಕಟ್ಟಿದ ಓಣಿ

ಫೋಟೊ ಚೆನ್ನಾಗಿ ಬರಲಿ ಎಂದು ಸಿದ್ದಾರೂಢ ತನ್ನ ಓಣಿಯನ್ನು ಎತ್ತಿ ತಂದು ಬಿಸಿಲಿಗೆ ಇಟ್ಟದ್ದೇ ತಪ್ಪಾಯಿತು.

ಓಣಿ ಎಂದರೆ ನಿಜವಾದ ಓಣಿಯಲ್ಲ. ಬನಹಟ್ಟಿಯ ಸೀರೆ ಪೇಟೆಯ ಹಿಂದಿರುವ ತಮ್ಮ ಓಣಿಯನ್ನು ಅವನು ಪ್ಲಾಸ್ಟಿಕ್ ಇಟ್ಟಂಗಿಗಳಲ್ಲಿ ಕಟ್ಟಿದ್ದ. ಮಕ್ಕಳು ಒಂದಕ್ಕೊಂದು ಕಚ್ಚಿಸಿ ಆಡುತ್ತಾರಲ್ಲ, ಬೆರಳ ತುದಿಯಷ್ಟು ಬಣ್ಣಬಣ್ಣದ ತುಂಡುಗಳು, ಅವೇ. ಅವನು ಕೆಲಸ ಮಾಡುವ ಸೀರೆ ಅಂಗಡಿಯ ಮಾಲಕರು ದೀಪಾವಳಿಗೆ ಗಿರಾಕಿಗಳಿಗೆ ಕಾಣಿಕೆ ಕೊಡಲು ಇವುಗಳ ಡಬ್ಬಿಗಳನ್ನು ತರಿಸಿದ್ದರು. ಗಿರಾಕಿಗಳು, “ಇದನ್ನ ಒಯ್ದು ಏನ್ ಹಿಟ್ಟ ನಾದೂಣ್ರಿ? ಸ್ಟೀಲ್ ಡಬ್ಬಿ ಕೊಡ್ರಿ” ಎಂದು ಹಿಂದಕ್ಕೆ ತಳ್ಳಿದರು. ಉಳಿದ ಡಬ್ಬಿಗಳೆಲ್ಲ ಸಿದ್ದಾರೂಢನ ಪಾಲಿಗೆ ಬಂದವು.

ಡಬ್ಬಿಯ ಮೇಲೆ ವಿಮಾನದ ಚಿತ್ರವಿತ್ತು. ಅದನ್ನು ನೋಡಿಕೊಂಡು ಒಂದು ವಿಮಾನ ಕಟ್ಟಿದ. ಆಮೇಲೆ ಮೊಬೈಲಿನಲ್ಲಿ ನೋಡಿದರೆ, ಮೀಸೆ ಬೆಳ್ಳಗಾದ ಗಂಡಸರೂ ಸೊಸೆ ಬಂದ ಹೆಂಗಸರೂ ಯಾವ ಡಬ್ಬಿಯ ಮೇಲೂ ಇಲ್ಲದ್ದನ್ನು ಸ್ವಂತ ತಲೆಯಿಂದ ಕಟ್ಟಿ ತೋರಿಸುತ್ತಿದ್ದರು. ಒಬ್ಬ ರೈಲ್ವೆ ಸ್ಟೇಶನ್ ಕಟ್ಟಿದ್ದ, ಒಬ್ಬಾಕೆ ತನ್ನ ಅಜ್ಜಿಯ ಅಡುಗೆಮನೆಯನ್ನೇ ಕಟ್ಟಿದ್ದಳು. ಸಿದ್ದಾರೂಢನಿಗೆ ಹುಚ್ಚು ಹಿಡಿಯಿತು. ಬೇರೆ ಯಾರೋ ನೇಯ್ದ ಸೀರೆಯನ್ನು ಬಿಚ್ಚಿ ತೋರಿಸಿ ಮತ್ತೆ ಮಡಚಿಡುವುದರಲ್ಲಿಯೇ ಅವನ ಅರ್ಧ ಆಯುಷ್ಯ ಕಳೆದಿತ್ತು. ‘ಇದು ನಂದು’ ಎಂದು ತೋರಿಸಲು ಏನಾದರೊಂದು ಬೇಕಿತ್ತು. ಅಂಗಡಿಯಿಂದ ಬಂದವನೇ ನೆಲದ ಮೇಲೆ ಕುಳಿತು ಮನೆ ಮನೆಯಾಗಿ ತನ್ನ ಓಣಿಯನ್ನು ಎಬ್ಬಿಸಿದ. ಇವತ್ತು ಜಮಖಂಡಿಯಲ್ಲಿ ಒಂದು ತರುಣ ಸಂಘದವರ ಮಾದರಿ ಸ್ಪರ್ಧೆ. ಅಲ್ಲಿಗೆ ಒಯ್ಯುವ ಮುಂಚೆ ಒಂದು ಫೋಟೊ ಇರಲಿ ಎಂದು ಹೊರಗೆ ಹೊರಸಿನ ಮೇಲೆ ಇಟ್ಟಿದ್ದ.

“ಅಯ್ಯ ನಮ್ಮವ್ವ, ಇದು ನಮ್ಮ ಮನಿ ಅಲ್ಲೇನ?”

ಎದುರುಮನೆಯ ಶಿವಗಂಗವ್ವ ಹಾಲಿನ ತಂಬಿಗೆ ಹಿಡಿದುಕೊಂಡೇ ಬಗ್ಗಿ ನೋಡಿದಳು. ಆಕೆ ಪಿಸುಮಾತು ಆಡಿದರೂ ನಾಲ್ಕು ಪಾವರಲೂಮಿನ ಸದ್ದು ದಾಟಿ ಕೇಳುತ್ತಿತ್ತು. ಈಗಂತೂ ಕೂಗಿಯೇ ಬಿಟ್ಟಿದ್ದಳು.

“ಹೌದ ಆಯಿ. ನೋಡು, ನಿನ್ನ ಬಾಗಲಾ, ನಿನ್ನ ತುಳಸಿ.”

“ತುಳಸಿ ಖರೇ ಐತಿ. ಮನಿ ಮುಂದಿನ ಕಟ್ಟಿ ಯಾಕ ಇಷ್ಟ ಸಣ್ಣದ ಮಾಡೀಯೋ? ದಿನಾ ನಾಕ ಮಂದಿ ಕುಂತ ಹಪ್ಪಳ ಲಟ್ಟಸ್ತೀವಿ. ಇದರ ಮ್ಯಾಲ ಒಂದ ಬೆಕ್ಕ ಸೈತ ಕುಂದ್ರಾಂಗಿಲ್ಲ.”

ಅಷ್ಟರಲ್ಲಿ ಮಗ್ಗಗಳ ಮಾಲಕ ಗಿರಿಮಲ್ಲಪ್ಪನವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. ಹಿಟ್ಟಿನ ಗಿರಣಿಯ ತುಕಾರಾಮ ಹುಬ್ಬಿನವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ಬಂದ. ಗಿರಿಮಲ್ಲಪ್ಪನವರು ಬ್ರಷ್ ತೆಗೆದರು.

“ಲೇ ಸಿದ್ದಾರೂಢ, ನನ್ನ ಮಾಳಿಗಿ ಮನಿ ತಂದು ಈ ತುಕಾರಾಮನ ಗಿರಣಿ ಎತ್ತರಕ್ಕ ನಿಂದ್ರಿಸೀಯಲ್ಲೋ?”

“ಅಳತಿ ಪ್ರಕಾರನ ಐತ್ರಿ ಕಾಕಾರ.”

“ಅಳತಿ ಏನ್ ನೋಡ್ತೀ, ಮರ್ಯಾದಿ ನೋಡಪಾ! ನಮ್ಮ ಪಾವಟಿಗಿ ಎಲ್ಲಿ? ಗಟಾರ ದಾಟಿ ರಸ್ತಾಕ್ಕ ಇಳದಾವ ಅವು. ಜಮಖಂಡಿ ಮಂದಿ ನೋಡಿದ್ರ ಗಿರಿಮಲ್ಲಪ್ಪ ಜಿಗದು ಮನಿ ಒಳಗ ಹೋಗ್ತಾನ ಅಂದಾರು.”

“ನನ್ನ ತಗಡಿನ ಶೆಡ್ಡ ಇನ್ನೊಂದೀಟ ಮುಂದ ಬರ್ಲಿ,” ಎಂದ ತುಕಾರಾಮ. “ಬರೂ ತಿಂಗಳ ಖರೇನ ಮುಂದ ತರಾಂವ ಅದೇನಿ. ಈಗ ಮಾಡಿಬಿಟ್ರ ನಾಳಿ ನಿನಗ ತ್ರಾಸ ಇಲ್ಲ.”

ಸಿದ್ದಾರೂಢನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಶಿವಗಂಗವ್ವನ ಕಟ್ಟೆ ಅಗಲವಾಯಿತು. ಗಿರಿಮಲ್ಲಪ್ಪನವರ ಮನೆಗೆ ಇನ್ನೊಂದು ಮಾಳಿಗೆ ಏರಿತು, ಮೆಟ್ಟಿಲು ಮೆಟ್ಟಿಲಾಗಿ ಪಾವಟಿಗೆ ಇಳಿಯಿತು. ತುಕಾರಾಮನ ಶೆಡ್ಡು ರಸ್ತೆಯ ನಡುವಿಗೆ ಬಂತು. ಡಬ್ಬಿಯಲ್ಲಿದ್ದ ಇಟ್ಟಂಗಿಗಳು ಮುಗಿದಾಗ ಸಿದ್ದಾರೂಢ ಮಾದರಿಯಲ್ಲಿದ್ದ ತನ್ನ ಮನೆಯ ಗೋಡೆಯನ್ನೇ ಬಿಚ್ಚಿ ಕೊಟ್ಟ. ಓಣಿ ಎಷ್ಟು ಇಕ್ಕಟ್ಟಾಯಿತೆಂದರೆ, ಅವನು ಪ್ರೀತಿಯಿಂದ ಮಾಡಿ ನಿಲ್ಲಿಸಿದ್ದ ಎತ್ತಿನ ಚಕ್ಕಡಿ ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಅವನ ಹೆಂಡತಿ ಉಜ್ವಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಎಲ್ಲಾರ ಮನಿ ಬೆಳಸ್ರಿ. ನಮ್ಮ ಮನಿಗೆ ಒಂದ ಗ್ವಾಡಿ ಉಳದ್ರ ನನಗ ಹೇಳ್ರಿ, ಅದಕ್ಕ ಆತು ಕುಂದ್ರತೀನಿ.”

ಜಮಖಂಡಿಗೆ ಹೋಗಲು ಸಿದ್ದಾರೂಢ ತಾನೊಬ್ಬನಿಗೇ ಎಂದು ಒಂದು ಟಂಟಂ ಆಟೊ ಗೊತ್ತು ಮಾಡಿದ್ದ. ಅದು ಬಂದು ನಿಂತಾಗ ಮೂವರೂ ಅವನಿಗಿಂತ ಮೊದಲೇ ಹತ್ತಿ ಕುಳಿತಿದ್ದರು. ಶಿವಗಂಗವ್ವ ಇಳಕಲ್ಲ ಸೀರೆ ಉಟ್ಟಿದ್ದಳು.

“ನಮ್ಮ ಮನಿ ಪರಊರಿಗೆ ಹೊಂಟಾವು. ನಾವು ಬ್ಯಾಡೇನು?” ಎಂದಳು.

ಹಲಗೆಯ ಸಮೇತ ಓಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಿದ್ದಾರೂಢ ಬಾಣಂತಿಯ ಹಾಗೆ ಮೈ ಬಿಗಿ ಹಿಡಿದು ಕುಳಿತ. ಟಂಟಂ ಕುಲುಕಿದಾಗೊಮ್ಮೆ ಎರಡೂ ಕೈಯಿಂದ ಮನೆಗಳನ್ನು ಒತ್ತಿ ಹಿಡಿಯುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಗಿರಿಮಲ್ಲಪ್ಪನವರು ಕೇಳಿದರು: “ಬಹುಮಾನದ ನಂಬರ್ ಯಾರ ಹಾಕ್ತಾರೋ?”

“ನಮ್ಮೂರ ಮುನ್ಸಿಪಾಲ್ಟಿಗೆ ಹೊಸದಾಗಿ ಬಂದಾರಲ್ರಿ ಇಂಜಿನಿಯರ್ ಸಾಹೇಬ್ರು, ಅವರ. ಅವರ ಮನಿ ಜಮಖಂಡ್ಯಾಗ ಐತಂತ.”

ಗಿರಿಮಲ್ಲಪ್ಪನವರು ಮಾದರಿಯಲ್ಲಿದ್ದ ತಮ್ಮ ಪಾವಟಿಗೆಯನ್ನೊಮ್ಮೆ ಬಗ್ಗಿ ನೋಡಿದರು.

“ಗಟಾರದ ಮ್ಯಾಲ ಕಟ್ಟಿದ್ದೆಲ್ಲಾ ಕೆಡವಸ್ತೀನಿ ಅಂತ ಜೆಸಿಬಿ ತಗೊಂಡು ಅಡ್ಡಾಡಾಕತ್ತಾನಲ್ಲ, ಅವನೇನೋ?” ಎಂದ ತುಕಾರಾಮ, ಮೆಲ್ಲಗೆ.

“ಹೂಂ, ಅವರ.”

ಶಿವಗಂಗವ್ವ ಕೆಮ್ಮಿದಳು. “ಸಿದ್ದಾರೂಢಾ, ನೀ ಮೊದಲ ಮಾಡಿದ್ದ ಕಟ್ಟಿನ ಛಲೋ ಇತ್ತ ನೋಡೋ. ಬೆಕ್ಕಿಗೆ ಸಾಕಾಗ್ತಿತ್ತು.”

“ಮನಶ್ಯಾ ಹೆಚ್ಚಿಗೆ ದೊಡ್ಡಸ್ತಿಕಿ ತೋರಸಬಾರದಪಾ,” ಎಂದರು ಗಿರಿಮಲ್ಲಪ್ಪನವರು. “ನನಗ ಒಂದ ಮಾಳಿಗಿ ಸಾಕು. ಪಾವಟಿಗಿ ಅಂತೂ ಬ್ಯಾಡಾ ಬ್ಯಾಡ.”

“ಈಗ ಕೈ ಬಿಟ್ರ ಎಲ್ಲಾ ಉದರತೈತ್ರಿ,” ಎಂದ ಸಿದ್ದಾರೂಢ.

ಆ ಮಾತು ಮುಗಿಯುವಷ್ಟರಲ್ಲಿ ಟಂಟಂನ ಹಿಂದಿನ ಗಾಲಿ ಫಟ್ ಎಂದಿತು.

ಡ್ರೈವರನ ಜೊತೆ ಕೈ ಹಚ್ಚಲು ಒಬ್ಬರು ಬೇಕಾಗಿತ್ತು. ಮೂವರೂ ಒಟ್ಟಿಗೇ ಸಿದ್ದಾರೂಢನ ಮುಖ ನೋಡಿದರು. ಅವನು ಮಾದರಿಯನ್ನು ಸೀಟಿನ ಮೇಲಿಟ್ಟು, ಧೂಳು ಕೂರದಿರಲೆಂದು ಮೇಲೊಂದು ಸೀರೆಯ ತುಂಡು ಹೊದಿಸಿ ಇಳಿದ. ಗಾಲಿಯ ನಟ್ಟು ಬಿಚ್ಚುವಾಗ ನೋಡಿದರೆ, ಗಿರಿಮಲ್ಲಪ್ಪನವರು ಉಳಿದಿಬ್ಬರನ್ನು ರಸ್ತೆ ಪಕ್ಕದ ಚಹಾದ ಅಂಗಡಿಗೆ ಕಳಿಸಿ ತಾವೊಬ್ಬರೇ ಕಾವಲು ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಅವರು ಇಳಿದು ತುಕಾರಾಮ ಹತ್ತಿದ. ಅವನು ಇಳಿದ ಮೇಲೆ ಶಿವಗಂಗವ್ವ, “ಬಿಸಲಪಾ, ಬಿಸಲು” ಎನ್ನುತ್ತ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಸಿದ್ದಾರೂಢನ ಮನಸ್ಸು ತುಂಬಿ ಬಂತು. ಓಣಿಯವರು ಏನೇ ಅಂದರೂ ತನ್ನ ಕೆಲಸವನ್ನು ಇಷ್ಟು ಜೋಪಾನ ಮಾಡುತ್ತಿದ್ದಾರಲ್ಲ ಎಂದುಕೊಂಡ.

ಸ್ಪರ್ಧೆ ಇಟ್ಟಿದ್ದ ಜಮಖಂಡಿಯ ಮಂಗಲ ಕಾರ್ಯಾಲಯ ತುಂಬಿ ಹೋಗಿತ್ತು. ಒಬ್ಬ ಸಕ್ಕರೆ ಕಾರ್ಖಾನೆ ಕಟ್ಟಿದ್ದ. ಇನ್ನೊಬ್ಬ ಕಟ್ಟಿದ್ದ ಡೈನೋಸಾರಿಗೆ ಹಸಿರು ಸಾಲದೆ ಬಾಲ ಕೆಂಪಗಿತ್ತು. ಗಾಲಿಯ ಕೆಲಸದಿಂದ ತಡವಾಗಿ ಬಂದ ಸಿದ್ದಾರೂಢ ಓಣಿಯನ್ನು ಮೇಜಿನ ಮೇಲಿಟ್ಟು ಉಸಿರು ಬಿಡುವಷ್ಟರಲ್ಲಿ ಇಂಜಿನಿಯರ್ ಸಾಹೇಬರು ಎದುರಿಗೇ ಬಂದು ನಿಂತರು.

“ತಗೀರಿ, ನೋಡೂಣು.”

ಸಿದ್ದಾರೂಢ ಹೆಮ್ಮೆಯಿಂದ ಸೀರೆಯ ತುಂಡನ್ನು ಎಳೆದ. ಎಳೆದವನು ಹಾಗೆಯೇ ನಿಂತ.

ಗಿರಿಮಲ್ಲಪ್ಪನವರ ಮಾಳಿಗೆ ಮನೆ ವಿಷಮಜ್ವರದಿಂದ ಎದ್ದವರ ಹಾಗೆ ಸೊರಗಿ ಹೋಗಿತ್ತು. ಮಾಳಿಗೆಯೂ ಇಲ್ಲ, ಪಾವಟಿಗೆಯೂ ಇಲ್ಲ. ತುಕಾರಾಮನ ಶೆಡ್ಡು ಮಾಯವಾಗಿತ್ತು. ಶಿವಗಂಗವ್ವನ ಕಟ್ಟೆ ಇದ್ದ ಜಾಗವನ್ನು ನೆಕ್ಕಿ ಸ್ವಚ್ಛ ಮಾಡಿದಂತಿತ್ತು. ಬಿಚ್ಚಿದ ಇಟ್ಟಂಗಿಗಳನ್ನು ಜೇಬಿಗೆ ಹಾಕಿದರೆ ಕಳವು, ಎಸೆದರೆ ಪಾಪ. ಅದಕ್ಕೆ ಮೂವರೂ, ಒಬ್ಬರಿಗೊಬ್ಬರು ಹೇಳದೆ, ಒಂದೇ ಪುಣ್ಯದ ದಾರಿ ಹಿಡಿದಿದ್ದರು. ಎಲ್ಲವನ್ನೂ ಸಿದ್ದಾರೂಢನ ಮನೆಗೇ ಹಚ್ಚಿದ್ದರು. ಅವನ ಮನೆಗೆ ಮೂರು ಮಾಳಿಗೆ ಏರಿದ್ದವು. ಮುಂದೆ ಶೆಡ್ಡು, ಶೆಡ್ಡಿನ ಮುಂದೆ ಕಟ್ಟೆ, ಕಟ್ಟೆಯ ಮುಂದೆ ಪಾವಟಿಗೆ. ಪಾವಟಿಗೆ ಮದುಮಗಳ ಸೆರಗಿನಂತೆ ರಸ್ತೆಯನ್ನು ದಾಟಿ ಆಚೆಯ ಮನೆಯ ಬಾಗಿಲಿಗೆ ಹೋಗಿ ಮುಟ್ಟಿತ್ತು.

“ಯಾರದ್ರೀ ಈ ಮನಿ?” ಸಾಹೇಬರ ದನಿ ಏರಿತು.

“ಇವಂದರೀ!” ಮೂವರೂ ಒಟ್ಟಿಗೇ ಹೇಳಿದರು.

“ನಾವೂ ಹೇಳಿ ಹೇಳಿ ಸಾಕಾಗೇವ್ರಿ,” ಎಂದು ಗಿರಿಮಲ್ಲಪ್ಪನವರು ಸೇರಿಸಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಒಂದೊಂದೇ ಇಟ್ಟಂಗಿಯನ್ನು ನೋಡಿದರು. ಆಮೇಲೆ ಸಿದ್ದಾರೂಢನ ಬೆನ್ನು ತಟ್ಟಿದರು.

“ಏನ ಧೈರ್ಯಾರೀ ನಿಮ್ದು! ಊರ ಮಂದಿ ತಾವು ನುಂಗಿದ ಜಾಗಾ ಮುಚ್ಚಿಡತಾರ. ನೀವು ನುಂಗಿದ್ದನ್ನ ಬಣ್ಣಬಣ್ಣದ್ದ ಕಟ್ಟಿ ಮೆರವಣಿಗಿ ಮಾಡೀರಿ. ಕಲಾ ಅಂದ್ರ ಇದು!”

ಮೊದಲ ಬಹುಮಾನ ಸಿದ್ದಾರೂಢನಿಗೆ ಬಂತು. ಚಪ್ಪಾಳೆ ಬಿದ್ದವು, ಶಾಲು ಹೊದಿಸಿದರು. ಗಾಲಿಯ ಗ್ರೀಸು ಮೆತ್ತಿದ ಕೈಯಲ್ಲಿ ಅವನು ಹೊಳೆಯುವ ಬಹುಮಾನದ ಕಪ್ಪನ್ನು ಹಿಡಿದು ನಿಂತ. ಇಷ್ಟು ಜನ ತನ್ನೊಬ್ಬನನ್ನೇ ನೋಡಿ ಚಪ್ಪಾಳೆ ಹೊಡೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಆದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಾಹೇಬರು ಮೈಕು ಹಿಡಿದರು. “ಈ ಮನಿ ನಾ ಕಣ್ಣಾರೆ ನೋಡಬೇಕು. ನಾಳಿ ಯಾಕ, ಈಗಿಂದೀಗ ಹೋಗೂಣು. ಏರ್ರಿ ಜೀಪು.”

ಜೀಪಿನಲ್ಲಿ ಸಿದ್ದಾರೂಢ, ತೊಡೆಯ ಮೇಲೆ ಓಣಿ, ಓಣಿಯ ಮೇಲೆ ಬಹುಮಾನದ ಕಪ್ಪು. ಹಿಂದೆ ಟಂಟಂನಲ್ಲಿ ಮೂವರು. ಅವರಿಗೆ ಈಗ ಹೊಸ ಚಿಂತೆ ಹತ್ತಿತ್ತು. ಮಾದರಿಯಲ್ಲಿ ಕಿತ್ತದ್ದು ಸುಲಭ, ನಿಜವಾದ ಕಟ್ಟೆಯನ್ನು ಕಿತ್ತು ಯಾರ ಮನೆಗೆ ಹಚ್ಚುವುದು?

ಓಣಿಯ ಬಾಯಲ್ಲಿ ಜೀಪು ನಿಂತಿತು. ಮುಂದೆ ಹೋಗಲು ಜಾಗವಿರಲಿಲ್ಲ. ಸಾಹೇಬರು ಇಳಿದು ನಡೆದರು. ಗಿರಿಮಲ್ಲಪ್ಪನವರ ಪಾವಟಿಗೆ ದಾಟಿದರು. ತುಕಾರಾಮನ ಶೆಡ್ಡಿನ ಕೆಳಗೆ ತಲೆ ಬಗ್ಗಿಸಿದರು. ಶಿವಗಂಗವ್ವನ ಕಟ್ಟೆಯನ್ನು ಸುತ್ತಿ ಬಂದರು. ಮಾದರಿ ನೋಡಿದರು, ಓಣಿ ನೋಡಿದರು, ಮತ್ತೆ ಮಾದರಿ ನೋಡಿದರು.

“ನಿಮ್ಮ ಮನಿ ಎಲ್ಲಿ?”

“ಇದ ರೀ,” ಎಂದ ಸಿದ್ದಾರೂಢ.

ಒಂದು ಬಾಗಿಲು, ಒಂದು ಕಿಟಕಿ, ಮೇಲೆ ತಗಡು. ಮುಂದೆ ಬಟಾಬಯಲು ನೆಲ. ಅದರಾಚೆ ಗಟಾರ.

“ಅಬ್ಬಬ್ಬಾ! ಇಡೀ ಓಣ್ಯಾಗ ಗಟಾರ ಹುಡಕಿದೆ. ಇಲ್ಲಿ ಬಂದು ಸಿಕ್ತು ನೋಡ್ರಿ,” ಎಂದು ಸಾಹೇಬರು ಹುಬ್ಬು ಗಂಟಿಕ್ಕಿದರು. “ಖರೆ ಹೇಳ್ರಿ. ಈ ಮಾದರಿ ತಿರಗಾಮುರಗಾ ಮಾಡಿದವ್ರು ಯಾರು?”

ಸಿದ್ದಾರೂಢ ಮೂವರ ಕಡೆ ನೋಡಿದ. ಗಿರಿಮಲ್ಲಪ್ಪನವರು ಆಕಾಶ ನೋಡುತ್ತಿದ್ದರು. ತುಕಾರಾಮನ ಮುಖದ ಮೇಲೆ ಹಿಟ್ಟು ಬೆವರಿನಲ್ಲಿ ಕಲೆಸಿ ರೊಟ್ಟಿ ತಟ್ಟುವ ಹದಕ್ಕೆ ಬಂದಿತ್ತು. ಶಿವಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಹೋದ ಮಳೆಗಾಲ ಉಜ್ವಲಾ ಜ್ವರದಲ್ಲಿ ಮಲಗಿದಾಗ ದಿನವೂ ಗಂಜಿ ಕಾಯಿಸಿ ತಂದವಳು ಆಕೆಯೇ. ಸಿದ್ದಾರೂಢನ ಸಿಟ್ಟು ಅರ್ಧ ಹಾದಿಯಿಂದ ಹಿಂದಿರುಗಿತು.

“ಟಂಟಂ ಕುಲಕಿ ಎಲ್ಲಾ ಉದರಿ ಬಿತ್ರಿ ಸಾಹೇಬ್ರ. ಗಡಬಡಿಲೆ ಕೂಡಸೂಮುಂದ ಯಾರದೋ ಯಾರಿಗೋ ಹತ್ತಿಬಿಡ್ತು.”

ಸಾಹೇಬರು ಅವನ ಮುಖವನ್ನೂ ಆ ಮೂವರ ಮುಖವನ್ನೂ ನೋಡಿ ಗಟ್ಟಿಯಾಗಿ ನಕ್ಕರು. ಓಣಿಯೆಲ್ಲ ಉಸಿರು ಬಿಟ್ಟಿತು.

“ನಿಮ್ಮಂಥಾ ಮನಶ್ಯಾನ್ನ ಹುಡಕ್ಯಾಡಾಕತ್ತಿದ್ದೆ ನಾ,” ಎಂದು ಸಾಹೇಬರು ಸಿದ್ದಾರೂಢನ ಹೆಗಲ ಮೇಲೆ ಕೈ ಹಾಕಿದರು. ಅವನ ಎದೆ ಉಬ್ಬಿತು. ಉಜ್ವಲಾ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. “ಸೀರಿ ಪ್ಯಾಟಿಗೆ ಬರೋ ಮಂದಿಗೆ ಒಂದ ಸಾರ್ವಜನಿಕ ಮೂತ್ರಾಲಯ ಮಂಜೂರ ಆಗೈತಿ. ಎಲ್ಲೂ ಜಾಗಾ ಸಿಗವಲ್ದು. ಇವರ ಕಟ್ಟಿ ಒಡಿತೀನಂದ್ರ ನೋಟಿಸು, ಕೋರ್ಟು, ತಡೆಯಾಜ್ಞೆ, ನನ್ನ ಸರ್ವೀಸ ಮುಗೀತೈತಿ. ನಿಮ್ಮ ಮನಿ ಮುಂದಿನ ಸರಕಾರಿ ಜಾಗಾ ಹಂಗ ಖುಲ್ಲಾ ಐತಿ. ಸೋಮವಾರ ಕೆಲಸ ಚಾಲೂ ಮಾಡ್ತೀವಿ!”

ಮೊದಲು ಚಪ್ಪಾಳೆ ಹೊಡೆದವನು ತುಕಾರಾಮ.

ಸಾಹೇಬರು ಜೀಪಿನತ್ತ ಹೋಗುತ್ತ ತಿರುಗಿ ನಿಂತರು. “ಹಾಂ, ಅದರದೂ ಒಂದ ಮಾದರಿ ನೀವ ಕಟ್ಟಿಕೊಡ್ರಿ. ನಿಮ್ಮ ಕೈ ಭಾಳ ಛಲೋ ಐತಿ.”

ಮರುದಿನ ಭಾನುವಾರ. ಸಿದ್ದಾರೂಢ ಹೊರಸಿನ ಮೇಲೆ ಕುಳಿತು ಬಿಳಿ ಇಟ್ಟಂಗಿಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಮೂರು ಗೋಡೆ ಏಳುವಷ್ಟರಲ್ಲಿ ಓಣಿ ನೆರೆಯಿತು.

“ಬಾಗಲಾ ನಮ್ಮ ಮನಿ ಕಡೆ ಬ್ಯಾಡಪಾ, ಬೀಗರು ಬರಾವ್ರದಾರ,” ಎಂದರು ಗಿರಿಮಲ್ಲಪ್ಪನವರು.

“ಗಿರಣಿ ಕಡೆ ಅಂತೂ ಬ್ಯಾಡ. ಹಿಟ್ಟಿಗೆ ವಾಸನಿ ಹೊಡೀತೈತಿ,” ಎಂದ ತುಕಾರಾಮ.

“ನಮ್ಮ ಕಡೆ ಮಾಡಿದ್ರ ನಾವು ಹೆಣ್ಮಕ್ಕಳು ಹಪ್ಪಳ ಎಲ್ಲಿ ಕುಂತ ಲಟ್ಟಸೂಣೋ?” ಎಂದಳು ಶಿವಗಂಗವ್ವ.

ಸಿದ್ದಾರೂಢ ಮಾದರಿಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಕೊನೆಗೆ ಉಳಿದದ್ದು ಒಂದೇ ಕಡೆ. ಬಾಗಿಲನ್ನು ತನ್ನ ಮನೆಗೇ ಎದುರಾಗಿ ಕೂಡಿಸಿ, ಮೆಲ್ಲಗೆ ಒತ್ತಿದ. ಟಕ್ ಎಂದು ಕಚ್ಚಿಕೊಂಡಿತು.

ಉಜ್ವಲಾ ಒಳಗಿನಿಂದ ಬಂದು ಅದನ್ನು ನೋಡಿದಳು. ತೇರದಾಳದ ತವರಿಗೆ ಫೋನು ಹಚ್ಚಿದಳು.