ಕಡೇ ಅವರೆಕಾಯಿ

ಶಿವರಾತ್ರಿ ಇನ್ನೇನು ಬಂತು ಎನ್ನುವಾಗ ಶ್ರೀನಿವಾಸಪುರದ ಸಂತೆಯಲ್ಲಿ ಒಬ್ಬಾಕೆ ಆ ವರ್ಷದ ಕಡೇ ಅವರೆಕಾಯಿಯನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕೋದಂಡರಾಮಪ್ಪ ಅದನ್ನು ನೋಡದವನಂತೆ ಮುಂದೆ ಹೋಗಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ. ಹೋಗಲಿಲ್ಲ. ಟವೆಲ್ಲು ಹಾಸಿ, ಗುಡ್ಡೆ ಪೂರಾ ಸುರಿಸಿಕೊಂಡು, ಗಂಟು ಕಟ್ಟಿ ಸೈಕಲ್ಲಿಗೆ ಸಿಕ್ಕಿಸಿದ.

ಅದಕ್ಕೊಂದು ಕಾರಣವಿತ್ತು. ಹಿಂದಿನ ವಾರ ಮನೆಯಲ್ಲಿ ಹಿದುಕಿದ ಬೇಳೆ ಸಾರು. ಅವನೂ ಅವನ ತಾಯಿಯೂ ಮಕ್ಕಳೂ ಗಡದ್ದಾಗಿ ಮುದ್ದೆ ಉಂಡು ಎದ್ದಿದ್ದರು. ನೀರು ಕುಡಿಯಲೆಂದು ಅಡಿಗೆಮನೆಗೆ ಹೋದರೆ ಹೆಂಡತಿ ಗಂಗರತ್ನಮ್ಮ ಒಲೆಯ ಮುಂದೆ ಒಬ್ಬಳೇ ಕೂತು ಮುದ್ದೆಯನ್ನು ಹಸಿಮೆಣಸಿನಕಾಯಿ ಚಟ್ನಿಗೆ ಅದ್ದಿಕೊಂಡು ತಿನ್ನುತ್ತಿದ್ದಳು. ಸಾರಿನ ಪಾತ್ರೆ ಬರಿದಾಗಿ ಪಕ್ಕದಲ್ಲಿ ಬಿದ್ದಿತ್ತು.

"ನಿಂಗೆ ಸಾರಿಲ್ವೇನೇ?" ಎಂದು ಕೇಳಿದ.

"ನಂಗೆ ಇದೇ ಸಾಕು ಬಿಡಿ," ಎಂದಳು.

ಇಷ್ಟೇ ಮಾತು. ಆದರೆ ಕೋದಂಡರಾಮಪ್ಪನಿಗೆ ಅವತ್ತು ನಿದ್ದೆ ಹತ್ತಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷ. ಪ್ರತಿ ಚಳಿಗಾಲದಲ್ಲೂ ಬೋಗುಣಿಗಟ್ಟಲೆ ಕಾಳು ಹಿದುಕಿ ಬೆರಳು ಸುಕ್ಕುಗಟ್ಟಿಸಿಕೊಂಡವಳು ಇವಳು, ಸಾರು ಸುರಿದುಕೊಂಡವರು ಮಿಕ್ಕವರೆಲ್ಲ. ಇವಳು ಒಂದು ದಿನ ನೆಮ್ಮದಿಯಾಗಿ ಕೂತು ಬಿಸಿ ಸಾರು ಉಂಡದ್ದನ್ನು ತಾನು ನೋಡಿದ್ದುಂಟೇ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವನಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಈ ಸಲದ ಅವರೆ ಮುಗಿಯುವುದರೊಳಗೆ ಅವಳನ್ನು ಮಣೆ ಮೇಲೆ ಕೂರಿಸಿ, ಎಲ್ಲರಿಗಿಂತ ಮೊದಲು ಅವಳಿಗೆ ಬಡಿಸಿ, ಅವಳು ತಿನ್ನುವುದನ್ನು ಕಣ್ಣಾರೆ ನೋಡಬೇಕು ಎಂದು ಗಟ್ಟಿಮನಸ್ಸು ಮಾಡಿದ.

ತಾಯಿ ಮಕ್ಕಳನ್ನು ಕರೆದುಕೊಂಡು ಹೋಳೂರಿನ ತನ್ನ ಮಗಳ ಮನೆಗೆ ಹೋದದ್ದೂ ಅನುಕೂಲವೇ ಆಯಿತು. ರಜೆಯದ್ದೇ ತೊಂದರೆ. ಮಾರ್ಚಿ ಹತ್ತಿರ ಬಂತೆಂದರೆ ಅವನ ಆಫೀಸಿನಲ್ಲಿ ರಜ ಎಂಬ ಮಾತನ್ನೇ ಎತ್ತುವಂತಿಲ್ಲ. ಹೆಂಡತಿಗೆ ಸಾರು ಬಡಿಸಬೇಕು ರಜ ಕೊಡಿ ಎಂದರೆ ನಿವೃತ್ತಿಯಾಗುವವರೆಗೂ ನಗುತ್ತಾರೆ. ಆದರೆ ಹೆಡ್ ಕ್ಲರ್ಕ್ ಸುಬ್ಬರಾಯಪ್ಪನವರಿಗೆ ಕಾಯಿಲೆಯವರನ್ನು ಕಂಡರೆ ಎಲ್ಲಿಲ್ಲದ ಕನಿಕರ. ಯಾರಾದರೂ ಸೀನಿದರೆ ಫೈಲು ಮುಚ್ಚಿಟ್ಟು ಕಷಾಯದ ವಿಧಾನ ಹೇಳುವವರು. ಕೋದಂಡರಾಮಪ್ಪ ಸಂಜೆ ಅವರ ಮೇಜಿನ ಮುಂದೆ ನಿಂತು, "ಯಾಕೋ ಮೈಯೆಲ್ಲ ಕಾವೇರ್ತಾ ಇದೆ ಸಾರ್," ಎಂದು ದನಿ ಇಳಿಸಿದ. "ನಾಳೆ ಬರಲೇಬೇಡಿ, ಮಲಗ್ಬಿಡಿ," ಎಂದು ಅವರೇ ಕೊಡೆ ಹಿಡಿದು ಗೇಟಿನ ತನಕ ಬಿಟ್ಟುಹೋದರು.

ರಾತ್ರಿ ಕಾಯಿ ಸುಲಿದು ನೆನೆಹಾಕಿದ್ದಾಯಿತು. ಬೆಳಿಗ್ಗೆ ಹಿತ್ತಿಲಲ್ಲಿ ಮಣೆ ಹಾಕಿ ಗಂಗರತ್ನಮ್ಮನನ್ನು ಕೂರಿಸಿ, ಬೋಗುಣಿಯನ್ನು ತನ್ನ ಮುಂದೆ ಎಳೆದುಕೊಂಡ. ಚಳಿ ಕಳೆದು ಬಿಸಿಲು ಹಿತವಾಗಿತ್ತು. ತಂತಿಯ ಮೇಲೆ ಹಿಂದಿನ ದಿನ ಒಗೆದ ಕಂಬಳಿ ಒಣಗುತ್ತಿತ್ತು, ಬೇವಿನೆಲೆ ಹಾಕಿ ಅಟ್ಟಕ್ಕೆ ಸೇರಿಸಬೇಕೆಂದು. ಬೇಲಿಯಾಚೆಯ ಹುಣಸೆಮರ ಎಲೆ ಉದುರಿಸಿಕೊಂಡು ತುದಿಯಲ್ಲಿ ಕೆಂಪಗೆ ಚಿಗುರಿತ್ತು.

"ಇವತ್ತು ನೀನು ಒಂದು ಕೆಲಸಾನೂ ಮುಟ್ಟಬೇಡ. ಮಸಾಲೆ ಒಂದು ರುಬ್ಬಿ ಒಗ್ಗರಣೆ ಹಾಕು, ಸಾಕು. ಆಮೇಲೆ ಮೊದಲನೇ ಊಟ ನಿಂದೇ."

"ಅಲ್ಲಾರೀ, ನಂಗೆ ಈ ಅವರೆ..."

"ನೀನೇನೂ ಹೇಳ್ಬೇಡ. ನಂಗೆಲ್ಲ ಗೊತ್ತಾಗಿದೆ ಕಣೇ."

ಬೋಗುಣಿಯಿಂದ ಸೊಗಡು ಗಮ್ಮೆಂದು ಎದ್ದಾಗ ಗಂಗರತ್ನಮ್ಮ ಮುಖ ಆಚೆ ತಿರುಗಿಸಿ ಸೆರಗನ್ನು ಮೂಗಿಗೊತ್ತಿಕೊಂಡಳು. ಪಾಪ, ಇಷ್ಟು ವರ್ಷಕ್ಕೆ ಗಂಡ ಒಳ್ಳೆಯ ಮಾತಾಡಿದ್ದಕ್ಕೆ ಕಣ್ಣು ತುಂಬಿಬಂತು ಎಂದುಕೊಂಡು ಅವನು ಹುರುಪಿನಿಂದ ಒಂದು ಕಾಳು ಎತ್ತಿಕೊಂಡ.

ಕಾಳು ಹಿದುಕುವುದು ನೋಡುವುದಕ್ಕೆ ಸುಲಭ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಕೋದಂಡರಾಮಪ್ಪ ಒತ್ತಿದ ಮೊದಲ ಬೇಳೆ ತುಳಸಿಕಟ್ಟೆಗೆ ಬಿತ್ತು. ಎರಡನೆಯದು ಕಾಗೆಯ ಪಾಲಾಯಿತು. ಮೂರನೆಯದನ್ನು ಹಟ ಹಿಡಿದು ಜೋರಾಗಿ ಒತ್ತಿದ. ಅದು ಮೋಟುಗೋಡೆ ಹಾರಿ ಪಕ್ಕದ ಮನೆಗೆ ಹೋಯಿತು.

"ಎವರ್ರಾ ಅದಿ, ಯಾರೋ ಅದು?" ಎಂದು ಆಚೆಯಿಂದ ದೊಡ್ಡಮುನಿಯಮ್ಮನ ಗಂಟಲು ಕೇಳಿಸಿತು.

ಬೀದಿಗೇ ಹಿರಿಯಳಾದ ಮುದುಕಿ ಆಕೆ. ಕೆನ್ನೆ ಉಜ್ಜಿಕೊಳ್ಳುತ್ತಾ, ಬೇಳೆಯನ್ನು ಅಂಗೈಲಿಟ್ಟುಕೊಂಡು ಬಂದೇಬಿಟ್ಟಳು. ಬೋಗುಣಿ ನೋಡಿದ್ದೇ ತಡ, ಸೀರೆ ಎತ್ತಿ ಸಿಕ್ಕಿಸಿ ಕೂತಳು. "ಗಂಡಸು ಹಿದುಕೋ ಕೆಲ್ಸವೇನಪ್ಪಾ ಇದು. ಸರಿ ಆ ಕಡೆ. ಶಾಮಲಾ, ಬಾಮ್ಮಾ ಇತ್ಲಾಗೆ, ಕೋದಂಡರಾಮ ಒಬ್ನೇ ಒದ್ದಾಡ್ತಾವ್ನೆ," ಎಂದು ಎದುರು ಮನೆಯ ಶಾಮಲಮ್ಮನನ್ನೂ ಕೂಗಿದಳು.

ಹಿದುಕಲು ಕೈಹಾಕಿದವರಿಗೆ ಮಧ್ಯಾಹ್ನ ಒಂದು ತಪ್ಪಲೆ ಸಾರು ಕಳಿಸಬೇಕು. ಅದು ಆ ಬೀದಿಯಲ್ಲಿ ಹಿಂದಿನಿಂದ ನಡೆದುಬಂದದ್ದು, ಯಾರೂ ತಪ್ಪಿಸಿದವರಿಲ್ಲ. "ಬೇಡ ಅಜ್ಜಿ, ನಾನೇ ಮಾಡ್ಕೋತೀನಿ," ಎಂದು ಕೋದಂಡರಾಮಪ್ಪ ಬೋಗುಣಿಯನ್ನು ಎಳೆದ. ಶಾಮಲಮ್ಮ ಅಷ್ಟರಲ್ಲಿ ಬಂದು ಇನ್ನೊಂದು ಪಕ್ಕ ಎಳೆದುಕೊಂಡಳು. ಇಬ್ಬರೂ ಸೇರಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹಿದುಕಿ ಮುಗಿಸಿದರು. ಹೋಗಲಿ, ಎರಡು ತಪ್ಪಲೆ ಹೋದರೂ ಹೆಂಡತಿಗೆ ಬೇಕಾದಷ್ಟು ಉಳಿಯುತ್ತದೆ ಎಂದು ಅವನು ಸಮಾಧಾನ ಮಾಡಿಕೊಂಡ.

ಸಾರು ಕುದಿಯುತ್ತಿತ್ತು. ಚಕ್ಕೆ ಲವಂಗದ ಘಮ ಬೀದಿಯ ತುದಿಗೆ ಮುಟ್ಟಿತ್ತು. ಮುದ್ದೆಗೆ ಎಸರಿಡುವಾಗ ಬಾಗಿಲ ಬಳಿ ಸೈಕಲ್ ಬೆಲ್ಲು ಕೇಳಿಸಿತು.

"ಕೋದಂಡರಾಮಪ್ನೋರೇ, ಹೆಂಗಿದೀರಿ? ಹೆಡ್ ಕ್ಲರ್ಕ್ ಸಾಹೇಬ್ರೂ ಬಂದವ್ರೆ ನೋಡೋಕೆ."

ಆಫೀಸಿನ ಮುನಿಕೃಷ್ಣಪ್ಪನ ದನಿ. ಕೋದಂಡರಾಮಪ್ಪ ಮೊದಲು ಹಿತ್ತಿಲ ಕಡೆ ಓಡಿದ, ಆಮೇಲೆ ಒಳಗೆ ಓಡಿದ. ಗಂಗರತ್ನಮ್ಮ ತಂತಿಯ ಮೇಲಿದ್ದ ಕಂಬಳಿ ಎಳೆದು ತಂದು ಅವನ ಮೇಲೆಸೆದಳು. ಬಿಸಿಲಲ್ಲಿ ಕಾದಿದ್ದ ಕಂಬಳಿಯೊಳಗೆ ಅವನು ಒಲೆಯಲ್ಲಿಟ್ಟ ಗೆಣಸಿನಂತೆ ಬೇಯತೊಡಗಿದ. ಸುಬ್ಬರಾಯಪ್ಪನವರು ಹಣೆ ಮುಟ್ಟಿ ನೋಡಿ ಕೈ ಹಿಂದೆ ತೆಗೆದರು. "ಅಯ್ಯಯ್ಯೋ, ಏನು ಕಾವು ಇದು. ಬೆವರು ನೋಡಿ ಹೆಂಗೆ ಕಿತ್ಕೊಂಡು ಬರ್ತಿದೆ."

ತಪ್ಪಲೆ ಹಿಡಿದು ಆಗತಾನೇ ಬಂದ ದೊಡ್ಡಮುನಿಯಮ್ಮ ಹೊಸಲಿನಲ್ಲಿ ನಿಂತು ಈ ನೋಟ ನೋಡಿದಳು. ಕೋದಂಡರಾಮಪ್ಪ ಕಂಬಳಿಯ ಸಂದಿಯಿಂದ ಅವಳಿಗೆ ಕೈಮುಗಿದ. ಮುದುಕಿ ಬುದ್ಧಿವಂತೆ, ಕ್ಷಣದಲ್ಲಿ ಎಲ್ಲ ಅರ್ಥಮಾಡಿಕೊಂಡಳು.

"ಬೆಳಗಿಂದ ನರಳ್ತಾವ್ನೆ ಸ್ವಾಮಿ," ಎಂದಳು. ಅವನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ಆದರೆ ಅವಳ ಮಾತು ಮುಗಿದಿರಲಿಲ್ಲ. "ಜ್ವರದೋನಿಗೆ ಅವರೆ ಕೊಡಬಾರ್ದು, ವಾಯು ಕಣಪ್ಪಾ. ಅಮ್ಮಾಯಿ, ಇವ್ನ ಪಾಲಿದ್ದು ನನ್ನ ತಪ್ಪಲೆಗೇ ಹಾಕ್ಬಿಡು. ಇವ್ನಿಗೆ ಗಂಜಿ ಕಾಯಿಸು, ಉಪ್ಪು ಕಮ್ಮಿ."

"ಸರಿಯಾಗಿ ಹೇಳಿದ್ರಿ ತಾಯಿ," ಎಂದರು ಸುಬ್ಬರಾಯಪ್ಪನವರು. ಹೇಳುತ್ತಲೇ ಅವರ ಮೂಗು ತಾನಾಗಿ ಅಡಿಗೆಮನೆಯ ಕಡೆ ತಿರುಗಿತು. "ಏನೋ ಘಮಘಮ ಅಂತಿದೆಯಲ್ಲಮ್ಮಾ. ಹಿದುಕಿದ ಬೇಳೆಯಾ?"

ಊಟದ ಹೊತ್ತು. ಬಂದವರು ಹಾಗೆ ಕೇಳಿದ ಮೇಲೆ ಬಡಿಸದೆ ಕಳಿಸುವ ಪದ್ಧತಿ ಅವರ ಮನೆಯಲ್ಲಿಲ್ಲ. ಇಬ್ಬರಿಗೂ ಎಲೆ ಬಿತ್ತು, ರೋಗಿಗೆ ಒಲೆಯ ಮೇಲೆ ಗಂಜಿ ಕೂತಿತು. ರೋಗಿಯ ಕಣ್ಣೆದುರಿಗೇ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಮುನಿಕೃಷ್ಣಪ್ಪ ಕಣ್ಣು ಮುಚ್ಚಿಕೊಂಡು ನುಂಗಿದ. "ಕಡೇ ಅವರೆಯಾದ್ರೂ ಏನು ಸೊಗಡು ಸಾರ್," ಎಂದ. ಶಾಮಲಮ್ಮನ ತಪ್ಪಲೆಯೂ ಬಂದು ತುಂಬಿಸಿಕೊಂಡು ಹೋಯಿತು. ಗಂಗರತ್ನಮ್ಮ ಸಂಕೋಚವಿಲ್ಲದೆ, ಇನ್ನೊಂದು ಸೌಟು, ಇನ್ನೊಂದು ಸೌಟು ಎಂದು ಸಂತೋಷದಿಂದಲೇ ಬಡಿಸುತ್ತಿದ್ದಳು. ಇವಳ ಧಾರಾಳತನ ನೋಡಿ ಕೋದಂಡರಾಮಪ್ಪನ ಹೊಟ್ಟೆ ಉರಿಯಿತು. ಒಂದು ಬಟ್ಟಲಾದರೂ ಎತ್ತಿಡು ಎಂದು ಕಂಬಳಿಯೊಳಗಿಂದ ಕೈಸನ್ನೆ ಮಾಡಿದ. ಅವಳು ನೋಡಿ ತಲೆಯಾಡಿಸಿದಳು. ಪಾತ್ರೆಯ ತಳಕ್ಕೆ ಸೌಟು ತಾಗಿ ಕೆರೆದ ಸದ್ದು ಕೇಳಿ ಅವನು ಮುಖದ ಮೇಲೆ ಕಂಬಳಿ ಎಳೆದುಕೊಂಡ.

ಎಲ್ಲರೂ ಹೋದ ಮೇಲೆ ಕಂಬಳಿ ಒದ್ದು ಅಡಿಗೆಮನೆಗೆ ಬಂದ. "ಎತ್ತಿಟ್ಯಾ?"

ಅವಳು ರಾಗಿ ಡಬ್ಬದ ಹಿಂದಿನಿಂದ ಮುಚ್ಚಿಟ್ಟ ಬಟ್ಟಲು ತೆಗೆದಳು. ಇನ್ನೂ ಹಬೆಯಾಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಒಂದು ಮುದ್ದೆ. ಕೋದಂಡರಾಮಪ್ಪ ಅವಳ ಕೈಹಿಡಿದು ನಡುಮನೆಗೆ ಕರೆತಂದು ಮಣೆ ಮೇಲೆ ಕೂರಿಸಿದ.

"ತಿನ್ನು. ನಾನು ನೋಡ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಗಂಗರತ್ನಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

"ಬೆಳಗಿಂದ ಹೇಳೋಕೆ ಬಿಟ್ರಾ ನೀವು? ನಂಗೆ ಅವರೆ ಸೇರಲ್ಲ ರೀ. ಆ ಸೊಗಡು ಮೂಗಿಗೆ ಬಡಿದ್ರೆ ಹೊಟ್ಟೆ ತೊಳಸ್ತದೆ. ಚಿಕ್ಕಂದಿನಿಂದ್ಲೂ ಅಷ್ಟೇ."

"ಮತ್ತೆ ಹದಿನೆಂಟು ವರ್ಷದಿಂದ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀವು ಅವರೆಕಾಯಿ ತರೋದೇ ಬಿಡ್ತಿದ್ರಿ. ಅದನ್ನ ತಿನ್ನೋವಾಗ ನಿಮ್ಮ ಮುಖ ಹೆಂಗಿರ್ತದೆ ಅಂತ ನಿಮಗೆ ಗೊತ್ತಿಲ್ಲ. ನಂಗೆ ಗೊತ್ತು. ಇದು ನಿಮಗೇ ಎತ್ತಿಟ್ಟಿದ್ದು, ತಿನ್ನಿ."

ಕೋದಂಡರಾಮಪ್ಪನಿಗೆ ಬೆಪ್ಪನಾದೆ ಎಂಬ ಸಂಕಟ ಒಂದು ಕಡೆ, ಇಂಥವಳು ತನ್ನ ಹೆಂಡತಿ ಎಂಬ ಹಿಗ್ಗು ಇನ್ನೊಂದು ಕಡೆ. ಹಸಿವಂತೂ ಎರಡನ್ನೂ ಮೀರಿಸಿತ್ತು. "ಹಂಗಾದ್ರೆ ನಿಂಗೆ ಏನಿಷ್ಟ ಹೇಳು," ಎಂದ.

"ಹುಣಸೆ ಚಿಗುರಿನ ಚಟ್ನಿ. ಈಗ ಚಿಗುರ್ತಾ ಇದೆಯಲ್ಲ."

"ನಾಳೆ ಬೆಳಿಗ್ಗೆ ಮರ ಹತ್ತಿ ಕಿತ್ಕೊಡ್ತೀನಿ," ಎಂದು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ತುತ್ತು ಇನ್ನೇನು ಬಾಯಿಗೆ ಬರಬೇಕು.

"ನನ್ನ ಕೊಡೆ ಇಲ್ಲೇ ಮರೆತೆ ನೋಡಿ," ಎನ್ನುತ್ತಾ ಸುಬ್ಬರಾಯಪ್ಪನವರು ತೆರೆದ ಬಾಗಿಲಿನಿಂದ ಒಳಗೆ ಬಂದರು.

ಗಂಗರತ್ನಮ್ಮನ ಕೈ ಮಿಂಚಿತು. ತಟ್ಟೆ ಬಟ್ಟಲು ಅವಳ ಮುಂದೆ ಬಂದವು. ತುತ್ತು ಕೂಡ ಅವಳ ಕೈಗೆ ಹೋಯಿತು, ನೆಲದಲ್ಲಿ ಬಿದ್ದಿದ್ದ ಕಂಬಳಿ ಅವನ ಮೈಮೇಲೆ ಬಂತು.

"ಇನ್ನೂ ಊಟ ಮಾಡಿಲ್ವೇನಮ್ಮಾ? ನೋಡಿ ಮತ್ತೆ. ಎಲ್ರಿಗೂ ಬಡಿಸಿ ಕೊನೆಗೆ ಕೂತಿದೀರಿ. ನಮ್ಮ ಮನೇಲೂ ಇದೇ ಕತೆ," ಎಂದು ಅವರು ನಿಟ್ಟುಸಿರು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತರು. "ನಾನು ಬಂದೆ ಅಂತ ಏಳ್ಬೇಡಿ. ನೀವು ಉಂಡ ಮೇಲೇ ನಾನು ಹೋಗೋದು. ಇವರಿಗೆ ಗಂಜಿ ನಾನೇ ಕೊಡ್ತೀನಿ."

ಗಂಗರತ್ನಮ್ಮ ಒಂದು ಸಲ ಗಂಡನ ಮುಖ ನೋಡಿದಳು. ಉಸಿರು ಬಿಗಿಹಿಡಿದು ತುತ್ತನ್ನು ಬಾಯಿಗಿಟ್ಟಳು. ಆಮೇಲೆ ಇನ್ನೊಂದು. ಅವಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಕೋದಂಡರಾಮಪ್ಪ ಕಂಬಳಿ ಹೊದ್ದು, ಉಪ್ಪು ಕಮ್ಮಿಯಾದ ಗಂಜಿಯನ್ನು ಹೆಡ್ ಕ್ಲರ್ಕ್ ಕೈಯಿಂದ ಕುಡಿಯುತ್ತಾ ನೋಡುತ್ತಿದ್ದ. ಹೆಂಡತಿ ಮಣೆ ಮೇಲೆ ಕೂತು, ಅವನ ಕಣ್ಣೆದುರಿಗೆ, ಬಿಸಿ ಬಿಸಿ ಹಿದುಕಿದ ಬೇಳೆ ಸಾರು ಉಣ್ಣುತ್ತಿದ್ದಳು. ಅವನು ಬಯಸಿದ್ದು ಇದನ್ನೇ.

"ಕಣ್ಣೀರು ನೋಡ್ರಿ," ಎಂದು ಸುಬ್ಬರಾಯಪ್ಪನವರು ಅವನ ಕಿವಿಯಲ್ಲಿ ಹೇಳಿದರು. "ಗಂಡ ಗಂಜಿ ಕುಡೀತಿದ್ರೆ ಆ ತಾಯಿಗೆ ಸಾರು ಇಳೀತಿಲ್ಲ. ಪುಣ್ಯವಂತರು ನೀವು."

"ಹೌದು ಸಾರ್," ಎಂದ ಕೋದಂಡರಾಮಪ್ಪ. ಆ ಮಾತನ್ನು ಅವನು ಮನಸಾರೆ ಹೇಳಿದ್ದ.

ಬಟ್ಟಲು ಖಾಲಿಯಾಯಿತು. ಸುಬ್ಬರಾಯಪ್ಪನವರು ಕೊಡೆ ಎತ್ತಿಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಈ ವಾರವೆಲ್ಲ ನೀವು ಏಳ್ಬೇಡಿ. ರಜ ನಾನು ನೋಡ್ಕೋತೀನಿ. ಹುಣಸೆ ಚಿಗುರೋ ಕಾಲ ಅಂತ ಮರ ಗಿಡ ಹತ್ತೋದು, ಹುಳಿ ತಿನ್ನೋದು ಏನೂ ಕೂಡದು. ಆಮೇಲೆ, ಅಮ್ಮಾ, ನಿಮಗೆ ಅವರೆ ಅಂದ್ರೆ ಪ್ರಾಣ ಅಂತ ಈಗ ಗೊತ್ತಾಯ್ತು. ನಮ್ಮ ಹೊಲದಲ್ಲಿ ಕಡೇ ಕೊಯ್ಲು ಇನ್ನೂ ಒಂದು ಮೂಟೆ ಇದೆ. ನಾಳೆ ಬೆಳಿಗ್ಗೆ ನಾನೇ ತಂದುಕೊಡ್ತೀನಿ. ನಿಮ್ಮ ಪಾಡಿಗೆ ಬಿಟ್ರೆ ಊರಿಗೆಲ್ಲ ಹಂಚಿ ನೀವು ಉಪವಾಸ ಇರ್ತೀರಿ. ಅದಕ್ಕೆ ದಿನಾ ಊಟದ ಹೊತ್ತಿಗೆ ಬಂದು, ನೀವು ತಿನ್ನೋದನ್ನ ನೋಡ್ಕೊಂಡೇ ಹೋಗ್ತೀನಿ."