ಒಂದು ಸ್ಕ್ರೂ ಮುಟ್ಟದ ಕಾರು

ಆ ದಿನ ಬೆಳಿಗ್ಗೆ ಪಕ್ಕದ ಮನೆಗೆ ಪೇಪರು ಕೇಳಲು ಬಂದ ಹೆಡ್‌ಮಾಷ್ಟ್ರು ಪೇಪರು ತೆಗೆದುಕೊಂಡು ಸುಮ್ಮನೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸುಮ್ಮನೆ ಹೋಗುವುದು ಅವರಿಗೆ ಬರುವ ವಿದ್ಯೆಯಲ್ಲ. ನಿವೃತ್ತರಾದ ಮೇಲೆ ತಿದ್ದಲು ಮಕ್ಕಳು ಸಿಗದೆ ಅವರು ಇಡೀ ಬೀದಿಯನ್ನೇ ತಿದ್ದಲು ಹಿಡಿದಿದ್ದರು. ಆ ಮನೆಯ ಶೆಡ್ಡಿನ ಮುಂದೆ ನಿಂತು, ಒಳಗಿದ್ದ ಹಳೆಯ ಕಾರನ್ನು ಉತ್ತರಪತ್ರಿಕೆ ನೋಡುವಂತೆ ಕನ್ನಡಕ ಏರಿಸಿ ನೋಡಿದರು.

“ಸಂಜೆ ಹಳೇ ಕಾರು ಸಂಘದ ಕಾರ್ಯದರ್ಶಿ ಬರ್ತಾರೆ ಅಂದ್ರಲ್ಲ. ಇದನ್ನ ಹೀಗೇ ತೋರಿಸ್ತೀರಾ?”

ಬಾನೆಟ್ಟಿನ ಕೆಳಗಿಂದ ಒಂದು ತಲೆ ಹೊರಗೆ ಬಂತು. ತಲೆಯ ಒಡೆಯ ಅಂಚೆ ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಆ ತಲೆ ಬಾನೆಟ್ಟಿನ ಕೆಳಗೇ ಇರುತ್ತಿದ್ದುದರಿಂದ ಬೀದಿಯವರು ಅವನನ್ನು ಬಾನೆಟ್ಟಣ್ಣ ಎಂದೇ ಕರೆಯುತ್ತಿದ್ದರು. ಬೀದಿಗೆ ಹೊಸದಾಗಿ ಬಂದವರಲ್ಲಿ ಕೆಲವರು ಅವನ ಮುಖವನ್ನೇ ನೋಡಿರಲಿಲ್ಲ; ಬೆನ್ನು ನೋಡಿ ನಮಸ್ಕಾರ ಹೇಳಿ ಹೋಗುತ್ತಿದ್ದರು.

“ಯಾಕೆ ಮೇಷ್ಟ್ರೆ, ಏನಾಗಿದೆ? ಮೊನ್ನೆ ತಾನೇ ಎಲ್ಲ ಮುಗೀತು. ಒಂದು ಗುಂಡಿ ಒತ್ತಿದ್ರೆ ಸ್ಟಾರ್ಟ್ ಆಗುತ್ತೆ, ಇನ್ನೊಂದು ಒತ್ತಿದ್ರೆ ಕಿಟಕಿ ಇಳಿಯುತ್ತೆ.”

“ಅದೇ ರೋಗ ಕಣ್ರೀ! ಅದು ಹಳೇ ಕಾರು ಸಂಘ. ಹಳೇದು! ಗುಂಡಿ-ಗಿಂಡಿ ಕಣ್ಣಿಗೆ ಬಿದ್ರೆ ಗೇಟಿಂದ್ಲೇ ವಾಪಸ್ ಹೋಗ್ತಾರೆ. ಭಾನುವಾರದ ಮೆರವಣಿಗೆ ಮರೆತುಬಿಡಿ.”

ಬಾನೆಟ್ಟಣ್ಣನ ಕೈಯಲ್ಲಿದ್ದ ಸ್ಪ್ಯಾನರು ಕಾಲಿನ ಮೇಲೆ ಬಿತ್ತು. ಕೂಗುವುದನ್ನೂ ಮರೆತು ಅವನು ಅಂಗಳದ ಕಡೆ ನೋಡಿದ. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತು ಅತ್ತೆ ತಮ್ಮ ಒಳ್ಳೆಯ ಸೀರೆಗೆ ಫಾಲ್ ಹೊಲಿಯುತ್ತಿದ್ದರು. ಮೆರವಣಿಗೆಗೆಂದೇ ತೆಗೆದಿಟ್ಟ ಸೀರೆ.

ಕಾರು ಮಾವನದು. ಅವರು ಹೋದ ಮೇಲೆ ಅದು ಕೋಳಿಗಳ ಪಾಲಾಗಿ, ಆಮೇಲೆ ಅಳಿಯನ ಪಾಲಾಗಿತ್ತು. ಮಂಡಿ ಹಿಡಿದುಕೊಂಡು ಮನೆ ಬಿಟ್ಟು ಹೊರಡದ ಅತ್ತೆ ಒಂದು ದಿನ, “ಅಳಿಯಂದಿರೇ, ಅವರ ಕಾರಲ್ಲಿ ಮುಂದಿನ ಸೀಟಲ್ಲಿ ಕೂತು ಒಂದು ಸಲ ಊರು ನೋಡಬೇಕು ಅಂತ ಆಸೆ. ಅಷ್ಟೇ,” ಎಂದಿದ್ದರು. ಅವರು ಏನನ್ನೂ ಕೇಳುವವರಲ್ಲ. ಕೇಳಿದ್ದು ಅದೊಂದೇ. ಬಾನೆಟ್ಟಣ್ಣ ಉಬ್ಬಿಹೋಗಿ, “ಸುಮ್ನೆ ಊರಲ್ಲ ಅತ್ತೆ, ಮೆರವಣಿಗೇಲೇ ಕರ್ಕೊಂಡು ಹೋಗ್ತೀನಿ. ಊರೇ ನಿಮ್ಮನ್ನ ನೋಡುತ್ತೆ,” ಎಂದು ಮಾತು ಕೊಟ್ಟಿದ್ದ. ಅವರ ಮಂಡಿಗೆ ಕುಲುಕಾಟ ಆಗದಿರಲೆಂದೇ ಹಿಂದಕ್ಕೆ ಬಾಗುವ ಸೀಟು, ಸೆಖೆ ಆಗದಿರಲೆಂದೇ ತಣ್ಣನೆಯ ಗಾಳಿ, ಎಲ್ಲ ಹಾಕಿಸಿದ್ದ.

“ಸಂಘದವರಿಗೇ ಒಂದು ಫೋನ್ ಮಾಡಿ ಕೇಳಿಬಿಡಿ, ಅಷ್ಟೆ,” ಎಂದಳು ಹೆಂಡತಿ ಅಡುಗೆಮನೆ ಕಿಟಕಿಯಿಂದ.

“ಕೇಳಿದ್ರೆ ಅನುಮಾನ ಬರುತ್ತಮ್ಮ!” ಹೆಡ್‌ಮಾಷ್ಟ್ರು ದನಿ ಏರಿಸಿದರು. “ಕಾಪಿ ಹೊಡೆಯೋ ಹುಡುಗ ಎದ್ದು ನಿಂತು ‘ಸಾರ್, ಕಾಪಿ ಹೊಡೀಬಹುದಾ’ ಅಂತ ಕೇಳಿದ ಹಾಗೆ. ಸಂಜೆ ತನಕ ಹೊತ್ತಿದೆ. ಹೊಸದೆಲ್ಲ ಬಿಚ್ಚಿ, ಹಳೇದನ್ನ ಮತ್ತೆ ಹಾಕಿ.”

ಹೆಂಡತಿ ಹಣೆ ಚಚ್ಚಿಕೊಂಡಳು. ಆದರೆ ಬಾನೆಟ್ಟಣ್ಣ ಜೋರಾಗಿ ಹೇಳಿದ್ದನ್ನೆಲ್ಲ ನಂಬುವ ಜಾತಿ. ಹೆಂಡತಿ ಯಾವತ್ತೂ ಮೆತ್ತಗೆ ಹೇಳುತ್ತಿದ್ದಳು, ಅದೇ ಅವಳ ತಪ್ಪು.

ಹಲ್ಲುನೋವೆಂದು ಕಚೇರಿಗೆ ರಜೆ ಹೇಳಿ ಅವನು ಬಿಚ್ಚಲು ಕೂತ. ಹೆಡ್‌ಮಾಷ್ಟ್ರು ಪಕ್ಕದಲ್ಲಿ ನಿಂತು ಬಿಚ್ಚಿಸಿದರು. ಹಾಡಿನ ಪೆಟ್ಟಿಗೆ, ಗಾಳಿಯ ಯಂತ್ರ, ಸ್ಟಾರ್ಟರು, ಗುಂಡಿಗಳ ಸಾಲು, ಎಲ್ಲ ಒಂದು ದೊಡ್ಡ ಚೀಲ ಸೇರಿದವು. “ಸಾಕ್ಷಿ ಇಲ್ಲಿ ಬಿದ್ದಿರಬಾರದು. ನಮ್ಮನೇಲಿ ಜೋಪಾನವಾಗಿರುತ್ತೆ,” ಎಂದು ಹೆಡ್‌ಮಾಷ್ಟ್ರು ಚೀಲವನ್ನು ಬಗಲಿಗೇರಿಸಿಕೊಂಡು, ಪೇಪರನ್ನೂ ಮರೆಯದೆ, ಮನೆಗೆ ಹೋದರು.

ಬಿಚ್ಚುವುದೇನೋ ಸುಲಭ. ಹಳೆಯದು ಎಲ್ಲಿದೆ? ಅದನ್ನೆಲ್ಲ ಅವನು ಎಂದೋ ಬೀದಿಗೆ ಹಂಚಿಬಿಟ್ಟಿದ್ದ. ಮುಂದಿನ ಉದ್ದನೆಯ ಸೀಟು ಸಲೂನಿನಲ್ಲಿತ್ತು, ಸ್ಟೀರಿಂಗು ಟೈಲರಮ್ಮನ ಹತ್ತಿರ, ಹಾರನ್ನು ಐಸ್‌ಕ್ರೀಮ್ ಗಾಡಿಯವನ ಹತ್ತಿರ.

ಸಲೂನಿನ ಬಾಗಿಲು ತಳ್ಳಿದರೆ ಆ ಸೀಟಿನ ಮೇಲೆ, ಸರದಿ ಕಾಯುತ್ತ, ಬಾಯಿ ತೆರೆದು ನಿದ್ದೆ ಹೋಗಿದ್ದವರು ಬೇರೆ ಯಾರೂ ಅಲ್ಲ, ಅವನ ಪೋಸ್ಟ್‌ಮಾಸ್ಟರು. ಬಾನೆಟ್ಟಣ್ಣ ಮೆಲ್ಲಗೆ ಹಿಂದೆ ಸರಿಯುವಷ್ಟರಲ್ಲಿ ಸಲೂನಿನವನು, “ಬಾ ಬಾ ಬಾನೆಟ್ಟಣ್ಣ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.

ಪೋಸ್ಟ್‌ಮಾಸ್ಟರು ಕಣ್ಣು ತೆರೆದರು. ಬಾನೆಟ್ಟಣ್ಣ ಥಟ್ಟನೆ ಕೆನ್ನೆ ಹಿಡಿದುಕೊಂಡ.

“ಏನ್ರೀ, ಹಲ್ಲುನೋವಿಗೆ ಸಲೂನಿಗೆ ಬಂದ್ರಾ?”

“ಹೂಂ ಸಾರ್... ಅಲ್ಲ ಸಾರ್... ಈ ಸೀಟು ಬೇಕಿತ್ತು.”

“ಸೀಟಾ? ಹಲ್ಲಿಗಾ?”

“ಮಲಗಿದ್ರೆ ನೋವು ಕಡಿಮೆ ಆಗುತ್ತಂತೆ ಸಾರ್, ಇಂಥ ಸೀಟಲ್ಲಿ.”

“ಆ ಕಡೆ ಕೆನ್ನೆ ಹಿಡ್ಕೊಂಡಿದ್ರಿ ಈಗ ತಾನೇ.”

“ಓಡಾಡುತ್ತೆ ಸಾರ್ ನೋವು.”

ಪೋಸ್ಟ್‌ಮಾಸ್ಟರು ಅವನನ್ನೇ ನೋಡಿದರು. ಅವರಿಗೂ ಕಚೇರಿಯ ಹೊತ್ತು ಅದು ಎನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಸಲೂನಿನವನು ಮಾತ್ರ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಅನ್ನಿಸುತ್ತ ಯೋಚಿಸಿದ. “ಕೊಡೋದೇನೋ ಕೊಡ್ತೀನಿ ಅಣ್ಣ. ನನ್ನ ಗಿರಾಕಿಗಳೇನು ನೆಲದ ಮೇಲೆ ಕೂರ್ತಾರಾ? ನಿನ್ನ ಆ ಬಾಗೋ ಸೀಟು ಕೊಟ್ಟುಬಿಡು. ಶೇವಿಂಗಿಗೆ ಅಂತಲೇ ಹುಟ್ಟಿದ ಹಾಗಿದೆ ಅದು.”

ಬಾನೆಟ್ಟಣ್ಣ ತಲೆಯಾಡಿಸಿದ. ಹಳೆಯ ಸೀಟನ್ನು ಬೀದಿಯಲ್ಲಿ ಹೊತ್ತು ತರುವಾಗ ಒಂದು ತುದಿ ಹಿಡಿದವರು ಪೋಸ್ಟ್‌ಮಾಸ್ಟರೇ. “ನೋವಿರೋರು ಭಾರ ಎತ್ತಬಾರದು,” ಎಂದರು ಪಾಪ. ಹೊಸ ಸೀಟನ್ನು ಸಲೂನಿಗೆ ಹೊತ್ತವರೂ ಅವರೇ. ಅದರಲ್ಲಿ ಮೊದಲು ಒರಗಿದವರೂ ಅವರೇ. ಆ ದಿನ ಮತ್ತೆ ಅವರನ್ನು ಕಚೇರಿಯಲ್ಲಿ ಕಂಡವರಿಲ್ಲ.

ಟೈಲರಮ್ಮನ ಮನೆಯಲ್ಲಿ ಸ್ಟೀರಿಂಗು ಸೂರಿನಿಂದ ಇಳಿಬಿದ್ದಿತ್ತು. ಸುತ್ತಲೂ ಕೊಕ್ಕೆ ಹಾಕಿ, ಹೊಲಿದ ಬಟ್ಟೆಗಳನ್ನೆಲ್ಲ ಅವಳು ಅದಕ್ಕೆ ತೂಗುಹಾಕಿದ್ದಳು. ಬೇಕಾದ ಬಟ್ಟೆ ಎದುರಿಗೆ ಬರಲು ಚಕ್ರವನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರಾಯಿತು.

“ಇದನ್ನಾ? ಇದು ಹೋದ್ರೆ ನನ್ನ ಅಂಗಡಿ ಯಾವ ಕಡೆ ತಿರುಗಬೇಕು?” ಎಂದಳು ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

“ಟೈಲರಮ್ಮ, ನಮ್ಮತ್ತೆ ಆಸೆ ನಿಮಗೆ ಗೊತ್ತಲ್ಲ...”

ಟೈಲರಮ್ಮ ಮೆತ್ತಗಾದಳು. ಅತ್ತೆಯ ಕಡೆಗೆ ಇಡೀ ಬೀದಿಗೆ ಪ್ರೀತಿ. “ಅಮ್ಮನಿಗೋಸ್ಕರ ಅಂದ್ರೆ ಬಿಡಿ. ಏನೂ ಬೇಡ,” ಎಂದಳು. ಸೂಜಿ ತೆಗೆದು ಮತ್ತೆ ಹೇಳಿದಳು: “ಆ ಕಿಟಕಿ ಇಳಿಸೋ ಮೋಟಾರು ಸುಮ್ನೆ ಬಿದ್ದಿದ್ರೆ, ನನ್ನ ಮೆಷಿನ್ನಿಗೆ ಕಟ್ಕೋತಿದ್ದೆ. ತುಳಿದೂ ತುಳಿದೂ ಕಾಲು ಬಿದ್ದುಹೋಗಿದೆ. ಏನೂ ಬೇಡ ಬಿಡಿ.”

ಏನೂ ಬೇಡವೆಂದವರಿಗೆ ಇಲ್ಲವೆನ್ನುವುದು ಬಾನೆಟ್ಟಣ್ಣನಿಂದ ಆಗದ ಕೆಲಸ. ನಾಲ್ಕೂ ಕಿಟಕಿಯ ಮೋಟಾರು ಅಲ್ಲಿಗೆ ಹೋದವು. ಸ್ಟೀರಿಂಗನ್ನು ಕೊರಳಿಗೆ ಹಾಕಿಕೊಂಡು ಅವನು ಬಿಸಿಲಿಗಿಳಿದ.

ಹಾರನ್ನು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಅದು ಗಾಡಿಯ ಜೊತೆ ಬೀದಿ ಬೀದಿ ತಿರುಗುತ್ತಿತ್ತು. ಬಾನೆಟ್ಟಣ್ಣ ಸೈಕಲ್ ಏರಿ ಕಿವಿಯನ್ನು ಮುಂದೆ ಬಿಟ್ಟುಕೊಂಡು ಹೊರಟ. ಪೊಂವ್ ಎಂದು ಬಲಗಡೆ ಕೇಳಿದರೆ ಬಲಕ್ಕೆ ತಿರುಗಿದ. ಅಷ್ಟರಲ್ಲಿ ಅದು ಎಡಗಡೆ ಪೊಂವ್ ಎಂದಿತು. ಕೊರಳಲ್ಲಿ ಸ್ಟೀರಿಂಗು, ಸೈಕಲ್ಲಿನ ಮೇಲೆ ಬೆವರಿಳಿಯುವ ಮನುಷ್ಯ. ಮಕ್ಕಳ ಒಂದು ದಂಡು “ಕಾರು ಬಂತು, ಕಾರು ಬಂತು” ಎಂದು ಹಿಂದೆ ಬಿತ್ತು. ಶಾಲೆಯ ಗೋಡೆಯ ಪಕ್ಕದಲ್ಲಿ ಕೊನೆಗೂ ಗಾಡಿ ಸಿಕ್ಕಿತು. ಜೊತೆಗೆ ಇಷ್ಟು ಮಕ್ಕಳನ್ನು ಒಟ್ಟಿಗೇ ಕರೆತಂದವನನ್ನು ಕಂಡು ಗಾಡಿಯವನ ಮುಖ ಅರಳಿತು.

“ಹಾರನ್ನಾ ಅಣ್ಣ? ಇದರ ಸದ್ದು ಕೇಳಿ ಕೇಳಿ ಮಕ್ಕಳಿಗೂ ಬೇಜಾರಾಗಿದೆ. ನಿಮ್ಮ ಹೊಸದು ಹಾಡು ಹೇಳುತ್ತಂತಲ್ಲ?”

ಅದೂ ಹೋಯಿತು.

ಸಂಜೆಯ ಹೊತ್ತಿಗೆ ಕಾರು ಮಾವನ ಕಾಲಕ್ಕೆ ಮರಳಿತ್ತು. ಬಣ್ಣವನ್ನು ಮೊದಲೂ ಅವನು ಮುಟ್ಟಿರಲಿಲ್ಲ. ಮಾವ ಪ್ರತಿ ಭಾನುವಾರ ಉಜ್ಜುತ್ತಿದ್ದ ಜಾಗದಲ್ಲಿ ಅದು ಸವೆದು ಮಾಸಿತ್ತು, ಅದನ್ನು ಮುಚ್ಚಲು ಮನಸ್ಸೇ ಬಂದಿರಲಿಲ್ಲ. ಅತ್ತೆ ಎದ್ದು ಬಂದು ಆ ಜಾಗದ ಮೇಲೆ ಒಂದು ಸಲ ಕೈಯಾಡಿಸಿ, ಹೋಗಿ ಕೂತರು. ಬಾನೆಟ್ಟಣ್ಣನಿಗೆ ಇಡೀ ದಿನದ ಬಿಸಿಲು ಆರಿದಂತಾಯಿತು.

ಕಾರ್ಯದರ್ಶಿ ಬಂದರು. ತೆಳ್ಳಗಿನ, ಇಸ್ತ್ರಿ ಮಾಡಿಸಿಕೊಂಡೇ ಹುಟ್ಟಿದಂತಿದ್ದ ಮನುಷ್ಯ. ಹಿಂದೆಯೇ ಬೀದಿಯೆಲ್ಲ ಬಂದು ಶೆಡ್ಡಿನ ಸುತ್ತ ನಿಂತಿತು. ಕಾರ್ಯದರ್ಶಿ ಭೂತಗನ್ನಡಿ ತೆಗೆದು ಕಾರಿನ ಸುತ್ತ ಸುತ್ತಿದರು. ಸೀಟನ್ನು ಮೂಸಿದರು. ಸ್ಟೀರಿಂಗನ್ನು ಸವರಿದರು. ಹಾರನ್ನು ಒತ್ತಿದರು. ಪೊಂವ್. ಕಣ್ಣು ಮುಚ್ಚಿಕೊಂಡರು.

“ಸ್ಟಾರ್ಟ್ ಮಾಡಿ ನೋಡೋಣ.”

ಬಾನೆಟ್ಟಣ್ಣ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ತಿರುಗಿಸಿದ. ಕಾರು ಕೆಮ್ಮಿತು. ಮತ್ತೆ ತಿರುಗಿಸಿದ. ಒಂದು ಸೀನು ಸೀನಿ, ಅಜ್ಜನಂತೆ ನರಳಿ ಸುಮ್ಮನಾಯಿತು. ಹೆಡ್‌ಮಾಷ್ಟ್ರು ಶಾಲೆಯ ಫಲಿತಾಂಶ ಬಂದ ದಿನದ ಮುಖ ಮಾಡಿಕೊಂಡು ನಿಂತರು.

“ಅದ್ಭುತ!” ಎಂದರು ಕಾರ್ಯದರ್ಶಿ.

“ಸಾರ್?”

“ಸ್ಟಾರ್ಟ್ ಆಗದ ಸದ್ದು ಕೂಡ ಒರಿಜಿನಲ್ಲು! ಈಗೆಲ್ಲಿ ಸಿಗುತ್ತೆ ಸ್ವಾಮಿ ಈ ಸದ್ದು? ಒಂದು ಸ್ಕ್ರೂ ಮುಟ್ಟಿಲ್ಲ ನೀವು. ನಮ್ಮ ಸಂಘದ ಅತಿ ದೊಡ್ಡ ಗೌರವ ಇದಕ್ಕೇ. ಮೆರವಣಿಗೇಲಿ ಎಲ್ಲಕ್ಕಿಂತ ಮುಂದೆ ನಿಮ್ಮ ಕಾರು!”

ಬೀದಿ ಚಪ್ಪಾಳೆ ತಟ್ಟಿತು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಾನೆಟ್ಟಣ್ಣ ಅತ್ತೆಯ ಕಡೆ ತಿರುಗಿ, “ಕೇಳಿದ್ರಾ ಅತ್ತೆ? ಮುಂದೆ! ಮುಂದಿನ ಕಾರಿನ ಮುಂದಿನ ಸೀಟು!” ಎಂದ.

“ಸೀಟಾ?” ಕಾರ್ಯದರ್ಶಿ ಬೆಚ್ಚಿದರು. “ಛೆ ಛೆ! ಇದರೊಳಗೆ ಯಾರೂ ಕೂರೋ ಹಾಗಿಲ್ಲ. ಓಡಿಸೋ ಹಾಗೂ ಇಲ್ಲ. ಲಾರಿ ಮೇಲೆ ಏರಿಸಿ, ಮೇಲೊಂದು ಪರದೆ ಹಾಕಿ, ಮೆಲ್ಲಗೆ ಒಯ್ತೀವಿ. ಇನ್ನು ಮೇಲೆ ಒಂದು ಮೊಳೆ ಬದಲಾಯಿಸೋ ಹಾಗಿಲ್ಲ,” ಎನ್ನುತ್ತ ಜೇಬಿನಿಂದ ಕೆಂಪು ಪಟ್ಟಿ ತೆಗೆದು ಬಾಗಿಲಿಗೊಂದು, ಬಾನೆಟ್ಟಿಗೊಂದು ಅಂಟಿಸಿ ಸೀಲು ಒತ್ತಿದರು.

“ಹಾಗಾದ್ರೆ ಮೆರವಣಿಗೇಲಿ ಮನೆಯವರು...” ಎಂದಳು ಹೆಂಡತಿ.

“ಅದು ಹಿಂದಿನ ಸಾಲಮ್ಮ. ಹಳೇ ಕಾರಿಗೆ ಹೊಸ ಸಾಮಾನು ಹಾಕ್ಕೊಂಡಿರ್ತಾರಲ್ಲ, ಅವರಿಗೆ ಅಂತಲೇ ಒಂದು ಸಾಲು ಇಟ್ಟಿದ್ದೀವಿ. ಮನೆ ಮಂದಿಯೆಲ್ಲ ಕೂತ್ಕೊಂಡು, ಹಾಡು ಹಾಕ್ಕೊಂಡು, ಊರೆಲ್ಲ ಸುತ್ತಿ ಬರ್ತಾರೆ. ಬಿಡಿ, ನಿಮ್ಮಂಥವರಿಗಲ್ಲ ಅದು.”

ಬಾನೆಟ್ಟಣ್ಣ ಅವರ ಎರಡೂ ಕೈ ಹಿಡಿದುಕೊಂಡ. “ಸಾರ್, ನಂದೂ ಅದೇ ಸಾಲು! ಬೆಳಿಗ್ಗೆ ತನಕ ಇದರಲ್ಲಿ ಎಲ್ಲ ಹೊಸದೇ ಇತ್ತು. ಗುಂಡಿ ಇತ್ತು, ಗಾಳಿ ಇತ್ತು. ಬಿಚ್ಚಿದ್ದೀನಿ ಸಾರ್, ಇವತ್ತು ಬಿಚ್ಚಿದ್ದು! ಬೇಕಾದ್ರೆ ಇವರನ್ನೆಲ್ಲ ಕೇಳಿ!”

ಕಾರ್ಯದರ್ಶಿ ಹುಬ್ಬು ಗಂಟಿಕ್ಕಿ ಬೀದಿಯ ಕಡೆ ತಿರುಗಿದರು. ಬೀದಿಗೆ ಗಾಬರಿಯಾಯಿತು. ಗೆದ್ದ ಮನುಷ್ಯ ದಣಿವಿಗೆ ಏನೇನೋ ಹೇಳಿ ತನ್ನ ಕೈಯಾರೆ ಕೆಡಿಸಿಕೊಳ್ಳುತ್ತಿದ್ದಾನೆ! ಮೊದಲು ಮುಂದೆ ಬಂದವರು ಹೆಡ್‌ಮಾಷ್ಟ್ರು.

“ಇವರ ಮಾತು ನಂಬಬೇಡಿ ಸಾರ್. ಹೊಗಳಿದ್ರೆ ಇವರಿಗೆ ಹೀಗೇ, ನಾಚಿಕೆ. ಹೊಸ ಸಾಮಾನು ನಾವು ಕಂಡೇ ಇಲ್ಲ.”

“ಮೇಷ್ಟ್ರೆ! ಚೀಲ! ನಿಮ್ಮನೇಲಿರೋ ಚೀಲ ತನ್ನಿ!”

“ಯಾವ ಚೀಲಾರೀ?” ಎಂದು ಹೆಡ್‌ಮಾಷ್ಟ್ರು ಕಣ್ಣು ಮಿಟುಕಿಸಿದರು.

“ಸಲೂನು! ಬಾಗೋ ಸೀಟು ಯಾರದಪ್ಪ, ಹೇಳು!”

“ನನ್ನ ಅಂಗಡಿದು,” ಎಂದ ಸಲೂನಿನವನು, ಗಟ್ಟಿಯಾಗಿ. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ಟರು, “ನಾನೇ ಸಾಕ್ಷಿ, ಮಧ್ಯಾಹ್ನವೆಲ್ಲ ಅದರಲ್ಲೇ ಇದ್ದೆ. ಇವರಿಗೆ ಬೆಳಿಗ್ಗೆಯಿಂದ ಹಲ್ಲುನೋವು ಸಾರ್, ತಲೆಗೇರಿರಬೇಕು,” ಎಂದರು. ಟೈಲರಮ್ಮ, “ಅಮ್ಮನ ಕಾರು ಸಾರ್ ಅದು. ದೇವರ ಹಾಗೆ ಇಟ್ಕೊಂಡಿದ್ದಾರೆ,” ಎಂದು ನಿಜವಾಗಿಯೂ ಗದ್ಗದಿತಳಾದಳು. ಬೀದಿಯ ತುದಿಯಲ್ಲಿ ಐಸ್‌ಕ್ರೀಮ್ ಗಾಡಿ ಹಾಡು ಹೇಳುತ್ತ ದೂರವಾಯಿತು.

ಕಾರ್ಯದರ್ಶಿಯ ಕಣ್ಣಂಚು ಒದ್ದೆಯಾಗಿತ್ತು. “ಇಷ್ಟು ವಿನಯ ನಾನು ನೋಡಿಲ್ಲ,” ಎಂದು ಬಾನೆಟ್ಟಿಗೆ ಇನ್ನೊಂದು ಸೀಲು ಒತ್ತಿ ಹೊರಟರು.

ಅತ್ತೆ ಸೀರೆಯನ್ನು ಮೆಲ್ಲಗೆ ಮಡಿಸತೊಡಗಿದರು. “ಬಿಡಿ ಅಳಿಯಂದಿರೇ, ಬಾಗಿಲಲ್ಲಿ ನಿಂತೇ ನೋಡ್ತೀನಿ. ನೀವೂ ಬನ್ನಿ, ಕೈ ಬೀಸೋಣ ಅವರ ಕಾರಿಗೆ,” ಎಂದರು. ಬಾನೆಟ್ಟಣ್ಣ ತಲೆ ಇಡಲು ಜಾಗ ಹುಡುಕಿ ಅಭ್ಯಾಸದಿಂದ ಬಾನೆಟ್ಟಿನ ಕಡೆ ಬಾಗಿದ. ಅಲ್ಲಿ ಸೀಲಿತ್ತು.

ಹೆಡ್‌ಮಾಷ್ಟ್ರು ಹತ್ತಿರ ಬಂದು ಬೆನ್ನು ತಟ್ಟಿದರು. ಅವರ ದನಿಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಸಿಟ್ಟು ಮಾಡಿಕೊಳ್ಳಲೂ ಆಗುವಂತಿರಲಿಲ್ಲ.

“ಎಂಥ ಗಂಡಾಂತರ ತಪ್ಪಿಸಿದ್ವಿ ನೋಡಿ! ನಾವೆಲ್ಲ ಗಟ್ಟಿಯಾಗಿ ನಿಲ್ಲದೇ ಹೋಗಿದ್ರೆ, ಆ ಮನುಷ್ಯ ನಿಮ್ಮನ್ನ ಹಿಂದಿನ ಸಾಲಿಗೆ ಹಾಕಿಬಿಡ್ತಿದ್ದ!”