ಹಿಮಬಂಡೆಯ ಮೇಲೊಂದು ಉಪದೇಶ

ಪಾದ್ರಿಗಳ ಗಂಟಲು ಕಟ್ಟಿದ್ದೇ ಎಲ್ಲಕ್ಕೂ ಮೂಲ. ನ್ಯೂಫೌಂಡ್‌ಲೆಂಡಿನ ಟಕ್ಕರ್ ಕೊಲ್ಲಿ ಎಂಬ ಕಡಲ ದಂಡೆಯ ಊರಿನ ಚರ್ಚಿನಲ್ಲಿ ಆ ಭಾನುವಾರ ಉಪದೇಶ ಹೇಳುವ ಭಾರ ಎಲ್ಡ್ರೆಡ್ ಕ್ರಿಚ್‌ನ ಹೆಗಲಿಗೆ ಬಿತ್ತು. ಮದುವೆಯಾದಾಗಿನಿಂದ ಅವನಿಗೆ ಕಾಣಿಕೆ ತಟ್ಟೆ ಹಿಡಿದು ಸುತ್ತಿದ್ದೇ ಬಂತು, ಬಾಯಿ ಬಿಡುವ ಯೋಗ ಬಂದಿರಲಿಲ್ಲ. ಇವತ್ತು ಗೆದ್ದರೆ ತಿಂಗಳಿಗೊಂದು ಭಾನುವಾರ ಖಾಯಂ ಅವನದೇ. ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡಿಯುತ್ತ ಊರವರು ಕೈ ಎತ್ತಿ ತೀರ್ಮಾನಿಸುವುದೆಂದು ಮಾತಾಗಿತ್ತು.

"ಏನು ಹೇಳ್ತೀರಿ?" ಹೆಂಡತಿ ಡಲ್ಸಿ ಅವನ ಟೈ ಬಿಗಿಯುತ್ತ ಕೇಳಿದಳು.

"ಹಿಮಬಂಡೆ ವಿಷಯ ಕಣೇ. ಕಿಟಕೀಲೇ ಕಾಣುತ್ತಲ್ಲ. ಮನುಷ್ಯನೂ ಹಾಗೇ. ಮೇಲೆ ಕಾಣೋದು ಚೂರು, ಅಡೀಲಿರೋದು ಬೆಟ್ಟ."

"ಮೀನಿನ ವಿಷಯ ಹೇಳಬಾರದಾ? ಮೀನಾದ್ರೆ ಯಾರಿಗೂ ಬೇಜಾರಾಗಲ್ಲ."

ಎಲ್ಡ್ರೆಡ್ ಕೇಳಬೇಕಲ್ಲ!

ಉತ್ತರದ ಕಡಲಿಂದ ತೇಲಿ ಬಂದು ಕೊಲ್ಲಿಯ ಬಾಯಲ್ಲಿ ತಳ ಕಚ್ಚಿ ನಿಂತಿದ್ದ ಆ ಹಿಮಬಂಡೆ ಹೊಸ ಅಳಿಯನ ಹಾಗೆ ಮೆರೆಯುತ್ತಿತ್ತು. ನೋಡಲು ಬಂದ ಪ್ರವಾಸಿಗರನ್ನು ಊರಿನ ಮೀನುಗಾರ ಹೆಡ್ಲಿ ತನ್ನ ದೋಣಿಯಲ್ಲಿ ಸುತ್ತಿಸುತ್ತಿದ್ದ. ಊರಿಗೆಲ್ಲ ಅತ್ತೆಯಾಗಿದ್ದ ಮುದುಕಿ ಟ್ರೈಫೀನಾ ಅವರಿಗೆ ಮೀನಿನ ವಡೆ ಕರಿದು ಮಾರುತ್ತಿದ್ದಳು. ಆ ಬೇಸಿಗೆ ಇಡೀ ಊರು ಬಂಡೆಯ ಅನ್ನ ತಿನ್ನುತ್ತಿತ್ತು.

ಎಲ್ಡ್ರೆಡ್ ಟೈ ಸರಿಮಾಡಿಕೊಂಡು ಪೀಠ ಹತ್ತಿದ. ಮಾತು ಸರಾಗವಾಗಿ ಬಂತು. "ಪ್ರಿಯರೇ, ಮನುಷ್ಯ ಅಂದ್ರೆ ಹಿಮಬಂಡೆ. ನಮ್ಮ ಪಾಪದಲ್ಲಿ ಬಹುಪಾಲು ನೀರಿನಡಿ!"

"ಯಾರ ಪಾಪ? ಹೆಸರು ಹೇಳು ಮಗನೇ!" ಮುಂದಿನ ಬೆಂಚಿನಿಂದ ಟ್ರೈಫೀನಾ ಅತ್ತೆ ಕೂಗಿದಳು. ಎಲ್ಲರೂ ಹೆಡ್ಲಿಯ ಕಡೆ ತಿರುಗಿದರು.

"ನನ್ಯಾಕ್ರೀ ನೋಡ್ತೀರಿ?" ಹೆಡ್ಲಿ ಎದ್ದೇ ನಿಂತ.

ಎಲ್ಡ್ರೆಡ್ ಗಾಬರಿಯಲ್ಲಿ ಪೀಠ ಗುದ್ದಿದ. "ಅಡೀಲಿರೋದು ಒಂದಿನ ಮೇಲೆ ಬಂದೇ ಬರುತ್ತೆ!"

ಢಮಾರ್!

ಕಿಟಕಿ ಗಾಜು ನಡುಗಿತು. ಹಿಮಬಂಡೆ ಮುದುಕ ಮಗ್ಗುಲು ಬದಲಿಸಿದ ಹಾಗೆ ನರಳಿ, ಹೊರಳಿ, ನೀಲಿ ಹೊಟ್ಟೆ ತೋರಿಸಿ ಚೂರುಚೂರಾಯಿತು.

"ಬಂಡೆ ಒಡೀತು! ಬಕೆಟ್ ತನ್ರೋ!"

ಅಷ್ಟೇ. ಬಂಡೆಯ ಚೂರು ಹಾಕದೆ ನೆಂಟರಿಗೆ ರಮ್ ಕೊಡುವುದು ಆ ಊರಲ್ಲಿ ಮಾನ ಹೋಗುವ ಕೆಲಸ. ಬಕೆಟ್ಟು, ಮೀನಿನ ಬಲೆ, ಮಕ್ಕಳ ಸ್ನಾನದ ತೊಟ್ಟಿ ಎಲ್ಲವೂ ಕಡಲಿಗೆ ಓಡಿದವು. ಆರ್ಗನ್ ನುಡಿಸುವವಳೂ ಓಡಿದಳು. ಉಳಿದವಳು ಡಲ್ಸಿ ಒಬ್ಬಳೇ.

"ಮೀನು ಅಂದೆ," ಎಂದಳು.

ಚಹಾದ ಹೊತ್ತಿಗೆ ಹೆಡ್ಲಿ ಕೆಂಡವಾಗಿದ್ದ. "ಚಿನ್ನದಂಥ ಬಂಡೆ ತೆಗೆದ್ಯಲ್ಲೋ! ಪ್ರವಾಸಿಗಳೆಲ್ಲ ಪಕ್ಕದ ಸೀಲ್ ಕೊಲ್ಲಿಗೆ ಹೊರಟ್ರು. ಆ ಊರಿನ ಮುಂದೆ ಇದರಪ್ಪನಂಥದು ನಿಂತಿದೆ!"

"ನಾನೇನ್ ಮಾಡ್ದೆ ಮಾರಾಯ? ಬಿಸಿಲಿಗೆ ಒಡೀತು..."

"ಬಿಸಿಲು ಬೆಳಗಿಂದ ಇತ್ತು. ಒಡೆದಿದ್ದು ನೀನು ಬಾಯ್ಬಿಟ್ಟ ಮೇಲೆ," ಎಂದಳು ಟ್ರೈಫೀನಾ ಅತ್ತೆ.

ಎಲ್ಡ್ರೆಡ್ ತಲೆ ತಗ್ಗಿಸಿದ. ತಿಂಗಳ ಭಾನುವಾರ ಕೈತಪ್ಪಿತೆಂದು ಅವನಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ಅತ್ತೆ ಹೆಡ್ಲಿಯ ಕಿವಿಯಲ್ಲಿ ಏನೋ ಉಸುರಿದಳು. ಹೆಡ್ಲಿ ಪಕ್ಕದವನಿಗೆ ಉಸುರಿದ. ಪಿಸುಮಾತು ಮೇಜು ಸುತ್ತಿ ಬರುವಷ್ಟರಲ್ಲಿ ಮುಖಗಳೆಲ್ಲ ಅರಳಿದ್ದವು.

"ಎಲ್ಡ್ರೆಡ್ ಮುಂದೇನೂ ಉಪದೇಶ ಹೇಳಲಿ ಅನ್ನೋರು ಕೈ ಎತ್ರಿ!" ಎಂದ ಹೆಡ್ಲಿ.

ಎಲ್ಲ ಕೈಗಳೂ ಎದ್ದವು. ಹೆಡ್ಲಿಯವು ಎರಡೂ.

ಎಲ್ಡ್ರೆಡ್‌ಗೆ ಕಣ್ಣು ತುಂಬಿ ಬಂತು. "ನಿಮ್ಮದು ದೊಡ್ಡ ಮನಸ್ಸು. ಮುಂದಿನ ತಿಂಗಳು ಇದೇ ಪೀಠದಲ್ಲಿ ನಿಂತು..."

"ಈ ಪೀಠದಲ್ಲಿ ನೀನು ಕೆಮ್ಮಲೂ ಬೇಡ," ಹೆಡ್ಲಿ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ. "ಬರೋ ಭಾನುವಾರ ಸೀಲ್ ಕೊಲ್ಲಿ ಚರ್ಚಿಗೆ ನಾನೇ ನಿನ್ನ ದೋಣೀಲಿ ಬಿಟ್ಟು ಬರ್ತೀನಿ. ಅಲ್ಲಿ ಇದೇ ಉಪದೇಶ ಹೇಳು. ಒಂದಕ್ಷರ ಬದಲಾಯಿಸಬೇಡ."